ಪ್ರಸಂಗ ಐತಾರ, ಪರೀಕ್ಷೆ ಬುಧವಾರ

ಚರ್ಚಿನಲ್ಲಿ ಪ್ರಸಂಗ ಮಾಡುವವನು ಅಕ್ಕಿ ಅಂತಲೇ ಅಳೆದು ಹಾಕುತ್ತಾನೆ, ಕೇಳಿದವರು ಮನೆಗೆ ಹೋಗಿ ಗಂಟು ಬಿಚ್ಚಿದರೆ ಒಳಗೆ ಜೋಳ ಇರುತ್ತದೆ. ಇದು ಯಾರ ತಪ್ಪೂ ಅಲ್ಲ. ದೇವರ ವಾಕ್ಯಕ್ಕೆ ಮನುಷ್ಯನ ಬಾಯಿ ಸೇರಿದ ದಿನದಿಂದ ಹೀಗೇ ನಡೆದುಕೊಂಡು ಬಂದಿದೆ, ನಾನು ಬಾಯಿ ಮುಚ್ಚಿದ ಮೇಲೂ ನಡೆಯುತ್ತದೆ. ಹೈದರಾಬಾದಿನಲ್ಲಿ ನಾನು ಪ್ರಸಂಗ ಮಾಡುವುದನ್ನು ಕಲಿತ ಆ ಒಂದು ವರ್ಷದಲ್ಲಿ ಅದು ಸ್ವಲ್ಪ ಹೆಚ್ಚಾಗಿಯೇ ನಡೆಯಿತು.

ನನಗೂ ಓದಿಗೂ ಅಷ್ಟಕ್ಕಷ್ಟೆ. ಹುಬ್ಬಳ್ಳಿ ಕಡೆಯವನು ನಾನು. ಆರನೇ ಇಯತ್ತೆಯಲ್ಲಿ ಮುಂದಿನ ಕರಿಹಲಗೆಗಿಂತ ಶಾಲೆಯ ಹಿಂದಿನ ರೈಲು ಹಳಿ ಚೆನ್ನಾಗಿ ಕಾಣುತ್ತಿತ್ತು. ಒಂದು ದಿನ ಆ ಹಳಿ ಹಿಡಿದು ಹೋದವನು ಲಾರಿ ಕ್ಲೀನರ್ ಆದೆ, ಸೊಲ್ಲಾಪುರದ ಚಾದರ ಹೊತ್ತು ಮಾರಿದೆ, ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿದೆ. ಎಲ್ಲಿಯೂ ನನ್ನ ಚೀಲ ಪೂರ್ತಿ ಬಿಚ್ಚಿದ್ದಿಲ್ಲ. ಕೊನೆಗೆ ಒಂದು ಜನವರಿಯಲ್ಲಿ ನಾಂಪಲ್ಲಿಯ ನುಮಾಯಿಷ್‌ನಲ್ಲಿ, ಅಂದರೆ ಆ ದೊಡ್ಡ ಎಗ್ಜಿಬಿಷನ್ನಿನಲ್ಲಿ, ಗಜ್ಜರಿ ತುರಿಯುವ ಯಂತ್ರ ಮಾರುವ ಅಂಗಡಿ ಮುಂದೆ ನಿಂತು ತೆಲುಗು, ಹಿಂದಿ, ಕನ್ನಡ ಮೂರರಲ್ಲೂ ಕೂಗುತ್ತಿದ್ದೆ.

ಒಂದು ಸಂಜೆ ಬಿಳಿ ಜುಬ್ಬಾದ ಹಿರಿಯರೊಬ್ಬರು ಬಂದು ನಿಂತರು. ಭಾಳ ಹೊತ್ತು ಕೇಳಿದರು, ಯಂತ್ರ ಮಾತ್ರ ಮುಟ್ಟಲಿಲ್ಲ. ನನ್ನ ಕೊರಳಿನ ಶಿಲುಬೆ ನೋಡಿ, "ತಮ್ಮಾ, ಗಜ್ಜರಿ ಬಗ್ಗೆ ಇಷ್ಟು ನಂಬಿಸಿ ಹೇಳ್ತಿ. ನಂಬಬೇಕಾದ್ದರ ಬಗ್ಗೆ ಹೇಳಾಕ ಕಲೀತಿ ಏನು?" ಅಂದರು.

"ಊಟ ಐತೇನ್ರಿ ಅಲ್ಲಿ?"

"ಐತಿ."

"ಹಂಗಾರ ಬರ್ತೀನಿ."

ನನಗೆ ದೇವರ ಕರೆ ಬಂದದ್ದು ಹೀಗೆ. ಉಳಿದವರದು ಇದಕ್ಕಿಂತ ಚೆಂದ ಇರುತ್ತದೆ.

ಅವರನ್ನು ಎಲ್ಲರೂ ಅಯ್ಯನವರು ಅನ್ನುತ್ತಿದ್ದರು. ಅಬಿಡ್ಸ್‌ನಲ್ಲಿ ಹಳೆಯ ಪುಸ್ತಕದ ಅಂಗಡಿಯ ಮೇಲಿನ ಮಾಳಿಗೆಯಲ್ಲಿ, ಕನ್ನಡ ಬಲ್ಲ ಕೆಲವರಿಗೆ ಸತ್ಯವೇದ, ಅಂದರೆ ಬೈಬಲ್ ಓದಿ ಅರ್ಥ ಮಾಡಿಕೊಂಡು ಪ್ರಸಂಗ ತಯಾರಿಸುವುದನ್ನು ಕಲಿಸುತ್ತಿದ್ದರು. ಮೊದಲ ದಿನವೇ ಹೇಳಿಬಿಟ್ಟರು: "ಬಾಲಾನಗರದಾಗ ನಮ್ಮ ಕನ್ನಡದ ಒಂದು ಸಣ್ಣ ಸಭೆ ಐತಿ. ಕಾರ್ಖಾನಿ ಮಂದಿ. ಅವರಿಗೆ ಬೋಧಕರಿಲ್ಲ. ಈ ವರ್ಷ ನಿಮ್ಮೊಳಗ ಒಬ್ಬರು ತಯಾರಾಗಲಿಲ್ಲಂದ್ರ ಆ ಸಭೆ ಮುಚ್ಚಿ, ಮೇನ್ ರೋಡಿನ ತೆಲುಗು ಆರಾಧನೆಗೆ ಸೇರಸ್ತಾರ."

ಆಮೇಲೆ ಮೊಳೆಗೆ ತೂಗಿದ್ದ ನನ್ನ ಚೀಲದ ಕಡೆ ನೋಡಿದರು.

ಗೆಳೆಯನ ಮಾತು ನಂಬಿದ ಕಂಡಕ್ಟರ್

ನಮ್ಮಲ್ಲಿ ಒಬ್ಬರು ಬಸ್ಸಿನ ಕಂಡಕ್ಟರ್ ಕೆಲಸ ಬಿಟ್ಟು ಬಂದವರಿದ್ದರು. ಬೀದರಿನ ಕಡೆಯವರು. ದನಿ ಹೇಗೆಂದರೆ, ಅವರು ಪ್ರಾರ್ಥನೆಗೆ ಎದ್ದು ನಿಂತರೆ ನಾವೆಲ್ಲ ಒಂದೊಂದು ಹೆಜ್ಜೆ ಹಿಂದೆ ಸರಿದು ಒಳಗೆ ಜಾಗ ಮಾಡಿಕೊಡುತ್ತಿದ್ದೆವು.

ತರಗತಿಯಲ್ಲಿ ಮೊದಲ ಪ್ರಸಂಗ ಅವರದೇ. ಮೇಜು ಗುದ್ದಿ ಗುದ್ದಿ ಹೇಳಿದರು: ಕಷ್ಟ ಬಂತೆಂದರೆ ಒಳಗೆ ಎಲ್ಲೋ ಪಾಪ ಇದೆ ಎಂದೇ ತಿಳಿಯಿರಿ, ತಪ್ಪಿಲ್ಲದವನಿಗೆ ತೊಂದರೆ ಬಂದದ್ದು ಯಾರಾದರೂ ಕಂಡಿದ್ದೀರಾ? ಹಲ್ಲುನೋವಿನಿಂದ ಕೆನ್ನೆ ಊದಿಸಿಕೊಂಡು ಕೂತಿದ್ದ ಒಬ್ಬಾತ ಮೆಲ್ಲಗೆ ಕೆನ್ನೆಗೆ ಕೈ ಅಡ್ಡ ಹಿಡಿದುಕೊಂಡ.

ಪ್ರಸಂಗ ಮುಗಿದ ಮೇಲೆ ಅಯ್ಯನವರು ಕೇಳಿದರು: "ಈ ಮಾತು ಎಲ್ಲಿಂದ ತಗೊಂಡ್ರಿ?"

"ಯೋಬನ ಗ್ರಂಥದಿಂದ್ರಿ. ಸತ್ಯವೇದದಾಗ ಐತಿ."

"ಐತಿ. ಹೇಳಿದವರು ಯಾರು?"

"ದೇವರು."

"ಹಿಂದಿನ ಹಾಳಿ ತಿರುವ್ರಿ."

ತಿರುವಿದರು. ಹೇಳಿದವನು ದೇವರಲ್ಲ, ಯೋಬನ ಗೆಳೆಯ. ಮೈಯೆಲ್ಲ ಹುಣ್ಣಾಗಿ ಬೂದಿಯಲ್ಲಿ ಕೂತವನ ಎದುರು ಬಂದು ನಿಂತು ಆಡಿದ ಮಾತು.

"ಈಗ ಕಡೇ ಹಾಳಿ ತಿರುವ್ರಿ."

ಅಲ್ಲಿ ದೇವರು ಆ ಗೆಳೆಯನ ಮೇಲೇ ಸಿಟ್ಟಾಗಿದ್ದ. ನೀನು ಹೇಳಿದ್ದು ಸರಿಯಲ್ಲ ಅಂದಿದ್ದ. ಕಂಡಕ್ಟರ್ ಮುಖ ಟಿಕೆಟ್ ಕಳೆದುಕೊಂಡ ಪ್ರಯಾಣಿಕನ ಮುಖದ ಹಾಗಾಯಿತು.

ಅಯ್ಯನವರು ಸಮಾಧಾನದಿಂದ ಕೇಳಿದರು: "ಬಸ್ಸಿನಾಗ ಟಿಕೆಟ್ ಕೊಡೂ ಮುಂದ ಏನ್ ಕೇಳತಿದ್ರಿ?"

"ಎಲ್ಲಿ ಹತ್ತಿದ್ರಿ, ಎಲ್ಲಿ ಇಳೀತೀರಿ ಅಂತ."

"ವಾಕ್ಯಕ್ಕೂ ಅದನ್ನ ಕೇಳ್ರಿ. ಎಲ್ಲಿ ಹತ್ತೈತಿ, ಎಲ್ಲಿ ಇಳೀತೈತಿ. ನಡುವ ಹಿಡದು ಜಗ್ಗಬ್ಯಾಡ್ರಿ."

ನಾನು ಎಷ್ಟೋ ಊರುಗಳ ಬಸ್ಸು ಹತ್ತಿದವನು. ಓದುವುದೆಂದರೆ ಹೀಗೆ ಕೇಳುವುದು ಅಂತ ಶಾಲೆಯಲ್ಲಿ ಒಬ್ಬರಾದರೂ ಹೇಳಿದ್ದರೆ ಇನ್ನೂ ಒಂದೆರಡು ಇಯತ್ತೆ ಕೂತಿರುತ್ತಿದ್ದೆನೋ ಏನೋ.

ಮರುದಿನ ಕಂಡಕ್ಟರ್ ಬೇಗ ಬಂದು ಅಯ್ಯನವರ ಎದುರು ಕೈಕಟ್ಟಿ ನಿಂತರು. "ಅಯ್ಯನವರ, ರಾತ್ರಿ ಪೂರ್ತಿ ಓದಿದೆ. ಕಡೀಕ ಯೋಬ ಆ ಗೆಳೆಯರ ಸಲುವಾಗಿ ಪ್ರಾರ್ಥನಾ ಮಾಡಿದಾ, ದೇವರು ಅವರನ್ನ ಬಿಟ್ಟಾ ಅಂತ ಐತಿ."

"ಹೌದು."

"ಆ ಪ್ರಾರ್ಥನಾದಾಗ ನನ್ನೂ ಸೇರಿಸಿದ್ದಾನೋ ಹ್ಯಾಂಗ್ರಿ?"

ಕತ್ತೆಯ ಬಾಲ

ಕಂಡಕ್ಟರ್ ನಡುವೆ ಹಿಡಿದು ಜಗ್ಗುವವರಾದರೆ ನನ್ನ ರೋಗವೇ ಬೇರೆ. ನನಗೆ ಎಲ್ಲದರಲ್ಲೂ ಅರ್ಥ ಕಾಣುತ್ತಿತ್ತು. ಗಜ್ಜರಿ ಯಂತ್ರದ ಪ್ರತಿ ತೂತಿಗೂ ಒಂದು ಉಪಯೋಗ ಹೇಳಿ ಅಭ್ಯಾಸ ಆದವನು ನಾನು.

ದಾರಿಯಲ್ಲಿ ಕಳ್ಳರು ಬಡಿದು ಕೆಡವಿದ ಮನುಷ್ಯನನ್ನು ಸಮಾರ್ಯದವನೊಬ್ಬ ಎತ್ತಿ, ಗಾಯಕ್ಕೆ ಎಣ್ಣೆ ಹಾಕಿ, ತನ್ನ ಕತ್ತೆಯ ಮೇಲೆ ಕೂಡಿಸಿಕೊಂಡು ಛತ್ರಕ್ಕೆ ಒಯ್ದ ಕಥೆ ನನ್ನ ಪಾಲಿಗೆ ಬಂತು. ನಾನು ಶುರು ಮಾಡಿದೆ. ಆ ದಾರಿ ಅಂದರೆ ಸಂಸಾರ. ಕಳ್ಳರು ಅಂದರೆ ದುರ್ಗುಣಗಳು. ಎಣ್ಣೆ ಅಂದರೆ ಪವಿತ್ರಾತ್ಮ. ಛತ್ರ ಅಂದರೆ ಸಭೆ. ಛತ್ರದ ಯಜಮಾನ ಸಭಾಪಾಲಕ. ಕತ್ತೆ ಅಂದರೆ ಸುವಾರ್ತೆ ಹೊತ್ತು ತಿರುಗುವ ಬೋಧಕ. ಕತ್ತೆಯ ನಾಲ್ಕು ಕಾಲು ನಾಲ್ಕು ಸುವಾರ್ತೆಗಳು. ಎಲ್ಲರೂ ತಲೆದೂಗಿದರು. ನನಗೂ ನನ್ನ ಮೇಲೆ ಅಭಿಮಾನ ಉಕ್ಕಿ ಬಂತು.

ಅಯ್ಯನವರು ಕನ್ನಡಕ ತೆಗೆದು ಒರೆಸುತ್ತ, "ಬಾಲ?" ಅಂದರು.

"ಏನ್ರಿ?"

"ಕತ್ತೀಗೆ ಬಾಲ ಇರತೈತಲ್ಲೋ. ಅದೇನು?"

ನುಮಾಯಿಷ್‌ನಲ್ಲಿ ಗಿರಾಕಿ ಪ್ರಶ್ನೆ ಕೇಳಿದರೆ ಉಸಿರು ತೆಗೆದುಕೊಳ್ಳುವ ಮುಂಚೆ ಉತ್ತರ ಬರಬೇಕು. ಬಂತು: "ಸಭೆಯ ಸೆಕ್ರೆಟರಿ ರೀ. ಎಲ್ಲಾರಿಗಿಂತ ಹಿಂದ ಬರತಾನ, ಆದ್ರ ನೊಣಾ ಹೊಡ್ಯಾಂವ ಅಂವನ."

ಇಡೀ ಮಾಳಿಗೆ ನಕ್ಕಿತು. ಅಯ್ಯನವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ಸುಧಾರಿಸಿಕೊಂಡು ಹೇಳಿದರು: "ತಮ್ಮಾ, ಈ ಕಥಿ ಹೇಳಿದ ಯೇಸುಸ್ವಾಮಿ ಕಡೀಕ ಒಂದ ಮಾತು ಹೇಳ್ಯಾನ. 'ಹೋಗು, ನೀನೂ ಹಂಗ ಮಾಡು.' ಕತ್ತಿ ಬಗ್ಗೆ ಏನೂ ಹೇಳಿಲ್ಲ. ನೀ ಕತ್ತಿ ಬಗ್ಗೆ ಇಷ್ಟೆಲ್ಲ ಹೇಳಿದಿ, ಹೋಗು ಅನ್ನೂದು ಮರತಿ."

ನಾನು ತಲೆ ತಗ್ಗಿಸಿದೆ. ನಿಜ, ಆ ಒಂದು ಮಾತು ನನ್ನ ಪ್ರಸಂಗದಲ್ಲಿ ಇರಲೇ ಇಲ್ಲ. ಅರ್ಥ ಹುಡುಕುವುದರಲ್ಲಿ ಒಂದು ಅನುಕೂಲ ಇದೆ, ಹುಡುಕುತ್ತಿರುವ ತನಕ ಎದ್ದು ಹೋಗಬೇಕಾಗಿಲ್ಲ. ಇದನ್ನು ಅಂದು ಯೋಚಿಸುತ್ತ ಕೂತಿದ್ದಾಗ ಪಕ್ಕದ ಕಂಡಕ್ಟರ್ ಮೆಲ್ಲಗೆ ಕೇಳಿದರು:

"ಅದಿರಲಿ ತಮ್ಮಾ, ಕಿವಿ ಯಾರು?"

ಬಾಲಾನಗರದಲ್ಲಿ ಹಿಮ

ಈಗ ಬುಧವಾರದ ಪರೀಕ್ಷೆಯ ವಿಷಯ ಹೇಳಬೇಕು.

ಅಯ್ಯನವರು ಪ್ರಸಂಗಕ್ಕೆ ಭಾನುವಾರವೇ ಅಂಕ ಕೊಡುತ್ತಿರಲಿಲ್ಲ. "ಐತಾರ ಎಲ್ಲಾರೂ ಚಲೋ ಆತು ಅಂತಾರ. ಅದು ಮರ್ಯಾದಿ. ಬುಧವಾರಕ್ಕ ಏನು ನೆನಪಿರತೈತಿ, ಅದು ಪ್ರಸಂಗ" ಅನ್ನುತ್ತಿದ್ದರು. ಅದಕ್ಕೆ ಒಬ್ಬೊಬ್ಬರನ್ನೇ ಭಾನುವಾರ ಬಾಲಾನಗರಕ್ಕೆ ಕಳಿಸಿ ಪ್ರಸಂಗ ಮಾಡಿಸಿ, ಬುಧವಾರ ಸಂಜೆ ಪ್ರಾರ್ಥನಾ ಕೂಟಕ್ಕೆ ಮುಂಚೆ ಅವರನ್ನು ಕರೆದುಕೊಂಡು ಅಲ್ಲಿಗೇ ಹೋಗಿ ಕೇಳುತ್ತಿದ್ದರು. ಉಳಿದವರೂ ಎರಡೂ ದಿನ ಹಿಂದೆ ಹೋಗುತ್ತಿದ್ದೆವು. ಇನ್ನೊಬ್ಬರ ಪರೀಕ್ಷೆ ನೋಡುವುದಕ್ಕೆ ಯಾರಿಗೂ ಬೇಸರ ಇಲ್ಲ.

ಸಭೆ ಕೂಡುತ್ತಿದ್ದದ್ದು ಒಂದು ಹಳೆಯ ಗೋದಾಮಿನಲ್ಲಿ. ಮೇಲೆ ತಗಡು. ಎದುರಿಗೆ ಕಿರಿದಾದ ಗಲ್ಲಿ ದಾಟಿದರೆ ಒಂದು ಮನೆ, ಅದರ ಮೊದಲನೇ ಮಹಡಿಯಲ್ಲಿ ಒಂದು ಕಿಟಕಿ. ಕಿಟಕಿಯಲ್ಲಿ, ಸಭೆಯವರೆಲ್ಲ ಅವ್ವ ಅಂತ ಕರೆಯುವ ಹಿರಿಯಾಕೆ.

ಅವ್ವನಿಗೆ ಮೊಣಕಾಲು ಪೂರ್ತಿ ಹೋಗಿದ್ದವು. ಮೈ ಭಾರ. ಮೇಲಿಂದ ಇಳಿಯುವುದಕ್ಕೆ ಇದ್ದದ್ದು ಕಬ್ಬಿಣದ ಸುರುಳಿ ಮೆಟ್ಟಿಲು, ಒಬ್ಬರು ಮೈ ಹಿಡಿಮಾಡಿಕೊಂಡು ಇಳಿಯುವಷ್ಟು ಜಾಗ. ಹೊತ್ತು ಇಳಿಸೋಣ ಅಂದರೆ ಹೊರುವವನಿಗೆ ತಿರುಗುವುದಕ್ಕೆ ಬರುತ್ತಿರಲಿಲ್ಲ. ಹೀಗಾಗಿ ಎರಡು ವರ್ಷದಿಂದ ಅವ್ವ ಕಿಟಕಿಯಲ್ಲೇ ಕೂತು, ಕೆಳಗಿನ ಮೈಕಿನಿಂದ ಬಂದದ್ದನ್ನು ಕೇಳಿಸಿಕೊಳ್ಳುತ್ತಿದ್ದರು. ಮಗ ಕಾರ್ಖಾನೆಯಲ್ಲಿ ಫಿಟ್ಟರ್, ಸಭೆಯ ಹಿರಿಯನೂ ಅವನೇ. ಪರೀಕ್ಷಕರು ಮಾತ್ರ ಅವ್ವ. ಕೆಳಗೆ ಕೂತವರು ಬೋಧಕನ ಮುಖ ನೋಡಿ ಕೇಳುತ್ತಾರೆ, ಅವ್ವ ಮಾತನ್ನು ಮಾತ್ರ ಕೇಳುತ್ತಾರೆ, ಅದಕ್ಕೇ ಅವರು ಅಂತ ಅಯ್ಯನವರು ಹೇಳುತ್ತಿದ್ದರು.

ತೆಲುಗು ಆರಾಧನೆಗೆ ಸೇರಿಸುವ ಮಾತು ಬಂದಾಗ ಅವ್ವ ಒಮ್ಮೆ ಅಂದಿದ್ದರು: "ತೆಲುಗಿನಾಗ ನಾ ಕಿಟಕ್ಯಾಗಿಂದ ಕಾಯಿಪಲ್ಯಾ ತಗೋತೀನಿ, ಜಗಳಾನೂ ಆಡತೀನಿ. ಪ್ರಾರ್ಥನಾ ಬರಂಗಿಲ್ರಿ. ಮ್ಯಾಲೆ ಮೇನ್ ರೋಡಿನ ಮೈಕು ನನ್ನ ಕಿಟಕಿ ಮುಟ್ಟತೈತೇನು?"

ಮೊದಲು ಹೋದವರು ನಮ್ಮ ಜೊತೆ ಕಲಿಯುತ್ತಿದ್ದ ಒಬ್ಬ ನಿವೃತ್ತ ಮಾಸ್ತರರು. ಅವರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು, ತೊಂದರೆಯೂ ಅಲ್ಲೇ ಆಯಿತು. ಭಾನುವಾರ ಅಬಿಡ್ಸ್ ಫುಟ್‌ಪಾತಿನ ಮೇಲೆ ಹರಡುವ ಹಳೆಯ ಪುಸ್ತಕಗಳಲ್ಲಿ ಅವರಿಗೆ ಯಾವನೋ ಬಿಳಿಯ ಪಾದ್ರಿಯ ಪ್ರಸಂಗಗಳ ಪುಸ್ತಕ ಸಿಕ್ಕಿತ್ತು. ಅದರಲ್ಲೊಂದನ್ನು ಇದ್ದ ಹಾಗೇ ಕನ್ನಡಕ್ಕೆ ಇಳಿಸಿ ಹೇಳಿದರು. ಮೇ ತಿಂಗಳು. ತಗಡಿನ ಕೆಳಗೆ ಜನ ಹೆಗಲ ಮೇಲಿನ ವಲ್ಲಿಯಿಂದ ಗಾಳಿ ಬೀಸಿಕೊಳ್ಳುತ್ತಿದ್ದಾರೆ. ಮಾಸ್ತರರು ಮೇಲೆ ಕೈ ತೋರಿಸಿ, "ಪ್ರಿಯರೇ, ನಿಮ್ಮ ಮನೆಯ ಛಾವಣಿಯ ಮೇಲೆ ಸದ್ದಿಲ್ಲದೆ ಬೀಳುವ ಹಿಮವನ್ನು ನೋಡಿರಿ. ಆತನ ಕೃಪೆಯೂ ಹಾಗೆಯೇ" ಅಂದರು. ಎರಡು ಮೂರು ಮಂದಿ ನಿಜವಾಗಿಯೂ ಮೇಲೆ ನೋಡಿದರು.

ಬುಧವಾರ ನಾವೆಲ್ಲ ಸುರುಳಿ ಮೆಟ್ಟಿಲು ಹತ್ತಿ ಅವ್ವನ ಎದುರು ಕೂತೆವು. ಅಯ್ಯನವರು ಪ್ರತಿಸಲ ಕೇಳುವ ಹಾಗೆ ಕೇಳಿದರು: "ಐತಾರ ಏನ್ ಕೇಳಿದ್ರಿ ಅವ್ವಾ?"

"ಹಿಮಾ ಬಿತ್ತು ರೀ."

ಮಾಸ್ತರರು ಬೆನ್ನು ನೆಟ್ಟಗೆ ಮಾಡಿಕೊಂಡರು.

"ಹಿಮಾ ಬಿದ್ದ ಮ್ಯಾಲೆ?"

"ಅದು ಗೊತ್ತಿಲ್ರಿ, ಮಲಗಿಬಿಟ್ಟೆ. ಬ್ಯಾಸಿಗಿ ಶುರುವಾದಾಗಿಂದ ಈ ಕಾವಿಗೆ ಕಣ್ಣು ಮುಚ್ಚಿರಲಿಲ್ಲ. ಮಾಸ್ತರು ತಂಪು ತಂಪು ಅಂತ ಹೇಳಿದ್ದಕ್ಕ ಏನ್ ನಿದ್ದಿ ಬಂತಂತೀರಿ!" ಆಮೇಲೆ ಮಾಸ್ತರರ ಕಡೆ ತಿರುಗಿ ಕೈ ಮುಗಿದರು: "ಜೂನ್ ಬರೂ ತನಕ ನೀವ ಬರ್ರಿ. ಹಿಮಾನ ಬೀಳಲಿ."

ಕರೆಂಟು ಹೋದ ಪ್ರಸಂಗ

ಮುಂದಿನ ಸರದಿ ಕಂಡಕ್ಟರದು. ಈ ಸಲ ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು ಎಂದು ಬಲು ಜಾಗ್ರತೆಯಿಂದ ತಯಾರಾಗಿದ್ದರು. ಎಷ್ಟು ಜಾಗ್ರತೆ ಅಂದರೆ, ಮೂಲ ವಾಕ್ಯಕ್ಕೆ ಬಂದು ಮುಟ್ಟುವುದರೊಳಗೆ ಅಬ್ರಹಾಮ, ಇಸಾಕ, ಯಾಕೋಬ ಎಲ್ಲರ ಸ್ಟಾಪಿನಲ್ಲೂ ಗಾಡಿ ನಿಲ್ಲಿಸಿದರು. ಹೊರಗೆ ಮಕ್ಕಳು ಅಳಲು ಶುರು ಮಾಡಿದ್ದವು. ಅಷ್ಟರಲ್ಲಿ ಕರೆಂಟು ಹೋಯಿತು, ಮೈಕು ಸತ್ತಿತು.

ಬರೆದುಕೊಂಡ ಕಾಗದ ಗೋದಾಮಿನ ಕತ್ತಲಲ್ಲಿ ಕಾಣದು. ಕಂಡಕ್ಟರ್ ಪೀಠ ಬಿಟ್ಟು ಇಳಿದು ಬಂದು ಜನರ ನಡುವೆ ನಿಂತು, ತಮ್ಮ ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಒಬ್ಬ ಗೆಳೆಯ ಬಂದು "ನಿನ್ನ ಪಾಪಕ್ಕ ಹಿಂಗಾಗೈತಿ" ಅಂದದ್ದನ್ನೂ, ಇನ್ನೊಬ್ಬ ಏನೂ ಅನ್ನದೆ ಚಹಾ ತಂದುಕೊಟ್ಟು ಪಕ್ಕದಲ್ಲಿ ಕೂತದ್ದನ್ನೂ ಹೇಳಿದರು. ಮೊದಲನೆಯವನು ಹೋಗುವಾಗ ತಮ್ಮ ಚಪ್ಪಲಿಯನ್ನೇ ಹಾಕಿಕೊಂಡು ಹೋದ ಅಂದಾಗ ಎಲ್ಲರೂ ನಕ್ಕರು. ಆಮೇಲೆ ಒಂದಿಬ್ಬರು ಮೂಗು ಒರೆಸಿಕೊಂಡರು.

ಬುಧವಾರ ಅಯ್ಯನವರು ಕೇಳಿದರು: "ಐತಾರ ಏನ್ ಕೇಳಿದ್ರಿ ಅವ್ವಾ? ಯಾವ ಭಾಗ ಚಲೋ ಇತ್ತು?"

"ಕರೆಂಟು ಹೋದ ಮ್ಯಾಲಿಂದು."

ಕಂಡಕ್ಟರ್ ಆಶ್ಚರ್ಯದಿಂದ, "ಮೈಕಿಲ್ದ ನಿಮಗ ಹ್ಯಾಂಗ ಕೇಳಿಸ್ತ್ರಿ?" ಅಂದರು. ಅವರ ದನಿಗೆ ಅದು ದೊಡ್ಡ ಮಾತಲ್ಲ, ಆದರೆ ಆ ಭಾನುವಾರ ಅವರು ಮೊದಲ ಸಲ ಪ್ರಸಂಗವನ್ನು ಮೆಲ್ಲಗೆ ಹೇಳಿದ್ದರು.

"ಕೇಳಿಸಲಿಲ್ಲ. ಮಂದಿ ನಕ್ಕಿದ್ದು ಕೇಳಿಸ್ತು. ಆಮ್ಯಾಲೆ ಎಲ್ಲಾರೂ ಸುಮ್ಮನಾಗಿದ್ದು ಕೇಳಿಸ್ತು." ಅವ್ವ ಕಿಟಕಿಯಿಂದ ಕೆಳಗಿನ ತಗಡಿನ ಕಡೆ ನೋಡಿದರು. "ಏನಕ್ಕ ನಕ್ಕರೋ ಗೊತ್ತಾಗಲಿಲ್ಲ. ನಾ ಒಬ್ಬಾಕಿ ಇಲ್ಲಿ ಕುಂತಿದ್ದೆ. ನನಗ ಕಾಣೂದು ಈ ತಗಡು ಅಷ್ಟ ನೋಡ್ರಿ."

ಫಿಟ್ಟರ್ ಮಗ ಎದ್ದು ಒಳಗೆ ಹೋದ. ಕಂಡಕ್ಟರ್ ಅವ್ವನ ಹತ್ತಿರ ಸರಿದು ಕೂತು ಚಪ್ಪಲಿ ಕಥೆಯನ್ನು ಮತ್ತೆ ಮೊದಲಿನಿಂದ ಹೇಳಿದರು. ಅವ್ವ ಪೂರ್ತಿ ಕೇಳಿ, ನಕ್ಕು, ಕಣ್ಣೊರೆಸಿಕೊಂಡು ಅಂದರು:

"ಇಷ್ಟು ಚಲೋ ಹೇಳಾಕ ಬರತೈತಿ ನಿಮಗ. ಮತ್ತ ಅಬ್ರಹಾಮನ್ನ ಯಾಕ ಅಷ್ಟು ದೂರದಿಂದ ಕರಕೊಂಡು ಬಂದ್ರಿ?"

ಪುಕ್ಕಟೆಯ ಔಷಧ

ಕಂಡಕ್ಟರ್ ಪಾಸಾದರು ಅಂತಲೇ ಅನ್ನಬೇಕು. ಆದರೆ ಅವರ ಹೆಂಡತಿಯ ಊರಿನಿಂದಲೇ ಅವರಿಗೆ ಕರೆ ಬಂತು, ಬೀದರಿನ ಕಡೆ ಹೊರಟುಬಿಟ್ಟರು. ಮಾಸ್ತರರಿಗೆ ಬಾಲಾನಗರದ ಕಾವು ಆಗಿಬರಲಿಲ್ಲ. ವರ್ಷ ಮುಗಿಯುತ್ತ ಬಂದಿತ್ತು. ಮಿಕ್ಕವರು ನಡುವೆಯೇ ಬಿಟ್ಟುಹೋಗಿದ್ದರು, ಉಳಿದವನು ನಾನು.

ಅಯ್ಯನವರು ಒಂದು ಸಂಜೆ ಕರೆದು ಹೇಳಿದರು: "ನಿನ್ನ ಪ್ರಸಂಗದ ಚಿಂತಿ ನನಗಿಲ್ಲ. ಆ ಮೊಳಿಗೆ ತೂಗಿದ ಚೀಲದ ಚಿಂತಿ. ಅವರಿಗೆ ಹೇಳಾಂವ ಬೇಕು, ಹೇಳಿ ಅಲ್ಲೇ ಇರಾಂವ ಬೇಕು."

ಅವರ ಚಿಂತೆ ಸುಳ್ಳಲ್ಲ. ಗಜ್ಜರಿ ಯಂತ್ರದ ಯಜಮಾನ ಆಗಲೇ ಹೇಳಿಕಳಿಸಿದ್ದ: ಮುಂದಿನ ವಾರ ಸೊಲ್ಲಾಪುರ, ಆಮೇಲೆ ನಾಗಪುರ, ಬಂದುಬಿಡು. ನನ್ನ ಅಂಗಾಲು ಎರಡು ದಿನದಿಂದ ತುರಿಸುತ್ತಿತ್ತು. ಇನ್ನೊಂದು ಕಡೆ, ಕಿಟಕಿಯಲ್ಲಿ ಕೂತು ತಗಡು ನೋಡುವ ಅವ್ವನ ಮುಖ ಕಣ್ಣಿಂದ ಹೋಗುತ್ತಿರಲಿಲ್ಲ.

ಅಯ್ಯನವರು ನನಗೆ ಕೊಟ್ಟ ಭಾಗ, ಪಾರ್ಶ್ವವಾಯು ಹೊಡೆದವನೊಬ್ಬನನ್ನು ನಾಲ್ಕು ಮಂದಿ ಹೊತ್ತು ತಂದ ಕಥೆ. ಯೇಸು ಇದ್ದ ಮನೆಯ ಬಾಗಿಲ ತುಂಬ ಜನ. ಒಳಗೆ ಹೋಗುವುದಕ್ಕೆ ದಾರಿ ಇಲ್ಲ. ಆ ನಾಲ್ವರು ಛಾವಣಿಯ ಮೇಲೆ ಹತ್ತಿ, ಮಾಡು ಕಿತ್ತು, ಹಗ್ಗ ಕಟ್ಟಿ ಹಾಸಿಗೆ ಸಮೇತ ಅವನನ್ನು ಕೆಳಗೆ ಇಳಿಸಿದರು. ನಾನು ಈ ಸಲ ಮಾಡಿಗೆ ಅರ್ಥ ಹಚ್ಚಲಿಲ್ಲ, ಹಾಸಿಗೆಗೂ ಹಚ್ಚಲಿಲ್ಲ. ಹಗ್ಗ ಮಾತ್ರ ಬಹಳ ಆಸೆ ಹುಟ್ಟಿಸಿತು, ಬಿಟ್ಟೆ.

ಬಾಯಿಪಾಠ ಮಾಡಿಕೊಳ್ಳುವುದಕ್ಕೆ ನಾಂಪಲ್ಲಿ ಹತ್ತಿರದ ಪಬ್ಲಿಕ್ ಗಾರ್ಡನ್‌ಗೆ ಹೋದೆ. ಒಂದು ಮರದ ಕೆಳಗೆ ನಿಂತು ಹೇಳಲು ಶುರು ಮಾಡಿದೆ. ಕೇಳುವವರು ತೆಲುಗಿನವರೋ ಉರ್ದುವಿನವರೋ ಅಂತ ಬಾಯಿ ತನ್ನಷ್ಟಕ್ಕೆ ಮೂರು ಭಾಷೆಗೂ ಹೊರಳಿತು. ದನಿ ನುಮಾಯಿಷ್‌ನದೇ. ಕಣ್ಣು ತೆರೆದಾಗ ಸುತ್ತ ಜನ ಗೋಲಾಗಿ ನಿಂತಿದ್ದರು. ಕೈಕಾಲು ಬಿದ್ದುಹೋದವನು ಎದ್ದು ಹಾಸಿಗೆ ಹೊತ್ತು ನಡೆದ ಅಂತ ನಾನು ಹೇಳಿದ್ದನ್ನು ಎಲ್ಲರೂ ಲಕ್ಷ್ಯಗೊಟ್ಟು ಕೇಳಿದ್ದರು.

ತುರ್ಕಿ ಟೋಪಿಯ ಮುದುಕರೊಬ್ಬರು ಮುಂದೆ ಬಂದು, "ಮಿಯಾಂ, ದವಾ ಕಿತ್ತೇ ಕು?" ಅಂತ ಕೇಳಿದರು. ಔಷಧಿಯ ದರ ಎಷ್ಟು ಅಂತ.

ಇದು ಮಾರುವ ಔಷಧಿಯಲ್ಲ ಚಾಚಾ, ದೇವರ ಕೃಪೆ, ಪುಕ್ಕಟೆ, ಅಂದೆ.

"ಮುಫ್ತ್?" ಅವರು ನನ್ನ ಬರಿಗೈ ನೋಡಿದರು, ಜೇಬು ನೋಡಿದರು, ಆಮೇಲೆ ಮರುಕದಿಂದ ತಲೆ ಅಲ್ಲಾಡಿಸಿದರು. "ಮುಫ್ತ್ ಕಾ ದವಾ ಅಸರ್ ಕ್ಯಾ ಕರ್ತಾ!" ಪುಕ್ಕಟೆ ಔಷಧ ಎಲ್ಲಿ ನಾಟುತ್ತದೆ, ಅಂತ ಹೊರಟೇಹೋದರು. ಅವರ ಹಿಂದೆ ಉಳಿದವರೂ.

ಅಯ್ಯನವರಿಗೆ ಬಂದು ಹೇಳಿದೆ. ಅವರು ನಗಲಿಲ್ಲ. ಕನ್ನಡಕ ಸರಿಮಾಡಿಕೊಂಡು ಹೇಳಿದರು: "ಪುಕ್ಕಟೆ ಸಿಕ್ಕದ್ದು ನಾಟಂಗಿಲ್ಲ ಅಂತ ಆ ಮುದುಕ ಹೇಳಿದ್ದನ್ನ ಹೇಳಾಕ ದೊಡ್ಡ ದೊಡ್ಡ ಪಂಡಿತರು ದಪ್ಪ ದಪ್ಪ ಪುಸ್ತಕಾ ಬರದಾರ. ಅವರ್ಯಾರೂ ಇಷ್ಟು ಬೇಗ ಎದ್ದು ಹೋಗಲಿಲ್ಲ ಅಷ್ಟ."

ನಾಲ್ಕು ಮಂದಿ, ಒಂದು ಚೈನ್ ಪುಲ್ಲಿ

ಭಾನುವಾರ ಬಂತು. ನಾನು ಕಾಗದ ಒಯ್ಯಲಿಲ್ಲ. ನಾನು ಕಂಡ ಮನುಷ್ಯರ ಬಗ್ಗೆ ಹೇಳಿದೆ: ಲಾರಿ ಕೆಟ್ಟಾಗ ಬಂದು ತಳ್ಳಿದವರು, ಜ್ವರ ಬಂದಾಗ ಖಾನಾವಳಿಯಲ್ಲಿ ಗಂಜಿ ಕೊಟ್ಟವರು. ಹೊತ್ತು ತಂದ ಆ ನಾಲ್ವರ ಹೆಸರೂ ಸತ್ಯವೇದದಲ್ಲಿ ಇಲ್ಲ ಅಂದೆ. ಬಾಗಿಲು ತುಂಬಿದೆ ಅಂತ ಅವರು ವಾಪಸು ಹೋಗಲಿಲ್ಲ, ಬಾಗಿಲಿಲ್ಲದಿದ್ದರೆ ಮಾಡು ಇದೆಯಲ್ಲ ಅಂದರು, ನಾವಾಗಿದ್ದರೆ ಏನು ಮಾಡುತ್ತಿದ್ದೆವು ಅಂದೆ. ಕೊನೆಗೆ ಅಯ್ಯನವರ ಮಾತು ನೆನಪಾಗಿ, "ಹೋಗ್ರಿ, ನೀವೂ ಹಂಗ ಮಾಡ್ರಿ" ಅಂದು ಕೂತುಬಿಟ್ಟೆ. ಅದು ಬೇರೆ ಕಥೆಯ ವಾಕ್ಯ, ಗೊತ್ತು. ಬಾಯಿಗೆ ಬಂತು.

ಒಬ್ಬರೂ ಆಮೆನ್ ಅನ್ನಲಿಲ್ಲ. ಹೊರಗೆ ಹೋಗುವಾಗ ಒಬ್ಬರೂ ಚಲೋ ಆತು ಅನ್ನಲಿಲ್ಲ. ಫಿಟ್ಟರ್ ಮತ್ತು ಅವನ ಕಾರ್ಖಾನೆಯ ಮೂವರು ಗೆಳೆಯರು ಬಾಗಿಲಲ್ಲೇ ನಿಂತು ಏನೋ ಮಾತಾಡುತ್ತ, ನಡುನಡುವೆ ಮೇಲೆ ನೋಡುತ್ತಿದ್ದರು. ನನ್ನ ಪ್ರಸಂಗ ಬಿದ್ದುಹೋಯಿತು ಅಂದುಕೊಂಡೆ. ಅಬಿಡ್ಸ್‌ಗೆ ಬಂದವನೇ ಸೊಲ್ಲಾಪುರದ ಗಾಡಿ ಎಷ್ಟು ಗಂಟೆಗೆ ಅಂತ ವಿಚಾರಿಸಿದೆ. ಬುಧವಾರ ಪರೀಕ್ಷೆಗೆ ಹೊರಟಾಗ ಚೀಲವನ್ನು ಹೆಗಲಿಗೆ ಹಾಕಿಕೊಂಡೇ ಹೊರಟೆ. ಅಯ್ಯನವರು ನೋಡಿದರು.

ಗಲ್ಲಿ ತಿರುಗಿದರೆ ಜನವೋ ಜನ. ಅವ್ವನಿಗೆ ಏನಾದರೂ ಆಯಿತೇ ಅಂದುಕೊಂಡೆ. ಓಡಿದೆ.

ಅವ್ವ ಗಾಳಿಯಲ್ಲಿ ತೂಗುತ್ತಿದ್ದರು.

ಮಾಳಿಗೆಯ ಮೇಲಿಂದ ಒಂದು ಕಬ್ಬಿಣದ ಗರ್ಡರ್ ಗಲ್ಲಿಯ ಕಡೆ ಚಾಚಿಕೊಂಡಿತ್ತು. ಅದಕ್ಕೆ ಚೈನ್ ಪುಲ್ಲಿ, ಕಾರ್ಖಾನೆಯಲ್ಲಿ ಭಾರದ ಯಂತ್ರ ಎತ್ತಿ ಇಳಿಸುವ ಸರಪಳಿ ರಾಟೆ. ಅದರ ಕೊಕ್ಕೆಗೆ ಪಟ್ಟಾ ಕಟ್ಟಿದ ಕಬ್ಬಿಣದ ಕುರ್ಚಿ. ಕುರ್ಚಿಯಲ್ಲಿ ಇಳಕಲ್ ಸೀರೆಯ ಅವ್ವ, ಕೈಯಲ್ಲಿ ಸತ್ಯವೇದ, ಸೆರಗು ಬಿಗಿಯಾಗಿ ಕಟ್ಟಿಕೊಂಡಿದ್ದಾರೆ. ಅವ್ವನ ಮಹಡಿಯ ಬಾಗಿಲ ಮುಂದಿನ ಕಬ್ಬಿಣದ ಕಟಾಂಜನವನ್ನು ಬೋಲ್ಟು ಬಿಚ್ಚಿ ಪಕ್ಕಕ್ಕೆ ಇಟ್ಟಿದ್ದರು. ಇಬ್ಬರು ಮೇಲೆ, ಇಬ್ಬರು ಕೆಳಗೆ. ಫಿಟ್ಟರ್ ಸರಪಳಿ ಹಿಡಿದು ಒಂದೊಂದೇ ಕೊಂಡಿ ಬಿಡುತ್ತಿದ್ದ.

"ಏನಿದು ಅಣ್ಣಾ!" ಅಂತ ಕೂಗಿದೆ.

"ಟ್ರಯಲ್ ರೀ," ಅಂದ ಅವನು, ಸರಪಳಿಯಿಂದ ಕಣ್ಣು ತೆಗೆಯದೆ. "ಟ್ರಯಲ್ ಇಲ್ದ ನಾವು ಯಾವ ಜಾಬೂ ಕೊಡಂಗಿಲ್ಲ. ಮೊದಲ ಅಕ್ಕಿ ಚೀಲಾ ಇಳಿಸಿ ನೋಡೀವಿ. ಐತಾರ ಆರಾಧನಿ ಹೊತ್ತಿನಾಗ ಹೆಚ್ಚುಕಡಿಮಿ ಆದ್ರ ಚಲೋ ಕಾಣಂಗಿಲ್ಲಲ್ರಿ."

ಗಲ್ಲಿಯ ತೆಲುಗಿನವರು, ಉರ್ದುವಿನವರು ಎಲ್ಲರೂ ಸೇರಿದ್ದರು. "ಧೀರೇ ಮಿಯಾಂ, ಧೀರೇ!" "ಮೆಲ್ಲಗಾ, ಮೆಲ್ಲಗಾ!" ಯಾರ ಸಭೆ ಯಾವುದು ಅಂತ ಅಲ್ಲಿ ಕೇಳುವವರಿರಲಿಲ್ಲ. ಕುರ್ಚಿ ನಡುವೆ ಸ್ವಲ್ಪ ತಿರುಗಿ ನಿಂತಿತು. ಅವ್ವನ ಮುಖ ಈಗ ಸರಿಯಾಗಿ ನಮ್ಮ ಕಡೆಗೆ. ಅಯ್ಯನವರಿಗೆ ಗಾಬರಿಯಲ್ಲಿ ಏನು ಮಾತಾಡಬೇಕೋ ತಿಳಿಯದೆ, ಎಷ್ಟೋ ಬುಧವಾರಗಳ ಅಭ್ಯಾಸಬಲದಿಂದ ಬಾಯಿಗೆ ಅದೇ ಪ್ರಶ್ನೆ ಬಂದುಬಿಟ್ಟಿತು:

"ಐತಾರ ಏನ್ ಕೇಳಿದ್ರಿ ಅವ್ವಾ?"

ಅವ್ವ ಮೇಲಿಂದ ಕಣ್ಣು ಕೆಕ್ಕರಿಸಿದರು. "ಅದನ್ನ ಕೇಳಿದ್ದಕ್ಕನ ಇಲ್ಲಿ ಜೋತಾಡಾಕತ್ತೀನಿ! ಕಾಣಂಗಿಲ್ಲೇನ್ರಿ?"

ಕುರ್ಚಿ ನೆಲ ಮುಟ್ಟಿತು. ನಾಲ್ವರೂ ಕುರ್ಚಿ ಸಮೇತ ಹೊತ್ತು ಗೋದಾಮಿನೊಳಗೆ ಒಯ್ದರು. ಅವ್ವ ಸುತ್ತ ನೋಡಿದರು. ಪೀಠ ಮುಟ್ಟಿದರು, ಹಳೆಯ ಬೆಂಚು ಸವರಿದರು. ಮೇಲೆ ನೋಡಿ, "ಈ ಕಡಿಂದ ತಗಡು ಬ್ಯಾರೇನ ಕಾಣತೈತಿ" ಅಂದರು. ಪ್ರಾರ್ಥನೆ ನಡೆಯಿತು. ಯಾರೋ ಏನೋ ಅಂದದ್ದಕ್ಕೆ ಎಲ್ಲರೂ ನಕ್ಕಾಗ ಅವರೂ ಜೊತೆಗೆ ನಕ್ಕರು. ಅಯ್ಯನವರು ಮುಖ ಆ ಕಡೆ ತಿರುಗಿಸಿ ಕನ್ನಡಕ ಒರೆಸುತ್ತಲೇ ಇದ್ದರು.

ಆಮೇಲೆ ಹೊರಗೆ ಬಂದು ಎಲ್ಲರೂ ಮೇಲೆ ನೋಡಿದೆವು. ಫಿಟ್ಟರ್ ತಲೆ ಕೆರೆದುಕೊಂಡ. "ಇಳಸೂದು ಹಗುರ. ಏರಸೂದು ಭಾರ. ಇನ್ನೊಂದು ಆಳು ಬೇಕು."

"ಇಲ್ಲೇ ಐತಲ್ಲ," ಅಂದರು ಅವ್ವ, ನನ್ನ ಕಡೆ ಬೆರಳು ತೋರಿಸಿ. "ಹೋಗ್ರಿ ಮಾಡ್ರಿ ಅಂತ ಹೇಳಿದಾಂವ ಇಂವನ. ಇಂವನ ಜಗ್ಗಲಿ. ಇವತ್ತೊಂದ ಅಲ್ಲ, ಪ್ರತಿ ಐತಾರ."

ಫಿಟ್ಟರ್ ಸರಪಳಿ ನನ್ನ ಕೈಗೆ ಕೊಟ್ಟ. ಹೆಗಲ ಮೇಲೆ ಚೀಲ ಇಟ್ಟುಕೊಂಡು ಸರಪಳಿ ಜಗ್ಗುವುದಕ್ಕೆ ಬರುವುದಿಲ್ಲ. ಅಯ್ಯನವರು ಮುಂದೆ ಬಂದು, ನಾನು ಕೇಳುವ ಮುಂಚೆಯೇ ಚೀಲ ತೆಗೆದುಕೊಂಡು ಗೋದಾಮಿನೊಳಗೆ ಹೋಗಿ ಒಂದು ಮೊಳೆಗೆ ಹಾಕಿ ಬಂದರು. ನಾನು ಜಗ್ಗಿದೆ. ಕುರ್ಚಿ ಏರತೊಡಗಿತು. ಅರ್ಧ ಏರಿದ ಮೇಲೆ ಅವ್ವ ಕೂಗಿದರು:

"ತಮ್ಮಾ!"

"ಏನವ್ವಾ?"

"ಮುಂದಿನ ಐತಾರ ಯಾವ ಕಥಿ ಬೇಕಾದ್ರೂ ಹೇಳು. ನೀರಿನ ಮ್ಯಾಲೆ ನಡದದ್ದು ಮಾತ್ರ ಹೇಳಬ್ಯಾಡೋ ಯಪ್ಪಾ. ಈ ಮಂದಿ ನನ್ನ ಟ್ರಯಲ್‌ಗೆ ಹುಸೇನ್ ಸಾಗರಕ್ಕ ಒಯ್ದಾರು!"